ಗುಲಾಬಿ ಫೋಮ್‌ಗೆ ಸಿಲ್ವರ್ ಸಾಲ್ಮನ್: ಕ್ಯಾನೆಕ್ಟಾಕ್ ನದಿಯಲ್ಲಿ ನನ್ನ ಮೂರು ಆಗಸ್ಟ್

"ಇದೇನೋ, ಹವಾಯಿ ಚಪ್ಪಲಿ ಕತ್ತರಿಸಿ ತಂದಿದ್ದೀಯಾ?" ಅಂತ ಕೇಳಿದ ನನ್ನ ಗೆಳೆಯ. ನಾವು ಅಲಾಸ್ಕಾದ ಕ್ಯಾನೆಕ್ಟಾಕ್ ನದಿ ದಂಡೆಯ ಲಾಡ್ಜ್ ಒಂದರ ಊಟದ ಟೆಂಟ್‌ನಲ್ಲಿ ಕೂತಿದ್ದೆವು. ಡಬ್ಬಿಯಲ್ಲಿ ಗುಲಾಬಿ ಫೋಮ್‌ನಲ್ಲಿ ಕಟ್ಟಿದ ಎರಡು ಡಜನ್ ವಾಗ್‌ಗಳು, ಅಂದರೆ ಮೀನನ್ನು ಮೇಲಕ್ಕೆ ಸೆಳೆಯಲು ನೀರ ಮೇಲೆ ತೇಲಿಸಿ ಎಳೆಯುವ ಫ್ಲೈಗಳು (ಹುಕ್‌ಗೆ ಕಟ್ಟಿದ ಕೃತಕ ಆಮಿಷ). ಗೈಡ್ ಒಂದನ್ನು ಎತ್ತಿ, ತಿರುಗಿಸಿ ನೋಡಿ, ವಾಪಸ್ ಇಟ್ಟ. "ಫೋಟೋಗೆ ಒಂದೆರಡು ಮೀನು ಸಿಗಬಹುದು. ದಿನವಿಡೀ ಇದನ್ನೇ ಎಸೆದರೆ ಕೊಟ್ಟ ದುಡ್ಡೆಲ್ಲ ದಂಡ ಆಗುತ್ತೆ ನೋಡಿ" ಅಂದ. ಅದು ನಾನು ಅಲ್ಲಿಗೆ ಹೋದ ಎರಡನೇ ವರ್ಷ. ಆ ವರ್ಷ ಅವನ ಮಾತೇ ನಿಜವಾಯಿತು. ಮರುವರ್ಷ ಆಗಲಿಲ್ಲ. ಅದನ್ನು ಹೇಳಿಕೊಳ್ಳಬೇಕು ಅಂತಲೇ ಬರೆಯಲು ಕೂತಿದ್ದೇನೆ.

ಸಿಲ್ವರ್ ಅಂದರೆ ಕೋಹೋ ಸಾಲ್ಮನ್ ಮೀನು. ವಾಗ್‌ಗೆ ಅದು ಮೇಲೆ ಬರುತ್ತೆ ಅನ್ನೋದು ನನ್ನ ಆವಿಷ್ಕಾರ ಏನಲ್ಲ, ಅಲಾಸ್ಕಾಗೆ ಹೋದವರಿಗೆಲ್ಲ ಗೊತ್ತಿರುವ ವಿಷಯವೇ. ಜಗಳ ಇದ್ದದ್ದು ಇಷ್ಟಕ್ಕೆ: ಅದು ಸುಮ್ನೆ ಒಂದು ಮೋಜೋ, ಅಥವಾ ದಿನಾ ನೆಚ್ಚಿಕೊಳ್ಳಬಹುದಾದ ವಿಧಾನವೋ? ಲಾಡ್ಜ್‌ನಲ್ಲಿ ಎಲ್ಲರೂ ಮೋಜು ಅಂದರು. ನಾನು ಹಟ ಹಿಡಿದೆ.

ಮೊದಲ ವರ್ಷದ ಕತೆ ಬೇಗ ಮುಗಿಸುತ್ತೇನೆ, ಹೇಳಿಕೊಳ್ಳಲು ನಾಚಿಕೆ. ಜಿಂಕೆ ಕೂದಲು ಒತ್ತಿ ಒತ್ತಿ ಸುತ್ತಿ, ಬ್ಲೇಡ್‌ನಲ್ಲಿ ಕೆತ್ತಿ, ಒಂದೊಂದಕ್ಕೆ ಮುಕ್ಕಾಲು ಗಂಟೆ ಹಾಕಿ ವಾಗ್ ಕಟ್ಟಿದ್ದೆ. ನೋಡಲು ಬಹಳ ಚೆನ್ನಾಗಿದ್ದವು. ಇಪ್ಪತ್ತು ಎಸೆತಕ್ಕೆ ನೀರು ಕುಡಿದು ಒದ್ದೆ ಬೆಕ್ಕಿನ ಹಾಗಾದವು. ಮುಳುಗಿದ ವಾಗ್ ಅತ್ತ ವಾಗ್ ಅಲ್ಲ, ಇತ್ತ ನೀರೊಳಗೆ ಎಳೆಯುವ ಲೀಚ್ ಫ್ಲೈಯೂ ಅಲ್ಲ. ಇದರ ಜೊತೆಗೆ ಟ್ರೌಟ್ ಮೀನು ಹಿಡಿದು ಬಂದ ನನ್ನ ಅಭ್ಯಾಸ ಬೇರೆ. ಮೀನು ಮೇಲೆದ್ದು ನೀರು ಸಿಡಿದ ಕೂಡಲೇ ಕೈ ತಾನಾಗಿಯೇ ರಾಡ್ ಎತ್ತಿಬಿಡುತ್ತಿತ್ತು. ಆರು ದಿನದಲ್ಲಿ ಹದಿನೈದೋ ಹದಿನಾರೋ ಸಲ ಮೀನು ಮೇಲೆ ಬಂತು. ಹಿಡಿದದ್ದು ಎರಡು. ಪಕ್ಕದ ದೋಣಿಯವರು ಡಾಲಿ ಲಾಮಾ ಅನ್ನೋ ಮುಳುಗುವ ಫ್ಲೈ ಹಾಕಿ ಎಳೆದೆಳೆದು ಲೆಕ್ಕ ತಪ್ಪುವಷ್ಟು ಹಿಡಿದರು.

ಎರಡನೇ ವರ್ಷ ಜಿಂಕೆ ಕೂದಲು ಬಿಟ್ಟು ಫೋಮ್‌ಗೆ ಬಂದೆ. ಮಕ್ಕಳ ಕರಕುಶಲ ಸಾಮಾನು ಮಾರುವ ಅಂಗಡಿಯ ಹಾಳೆ, ಎರಡು ಪದರ ಅಂಟಿಸಿದ್ದು. ಒಂದು ವಾಗ್‌ಗೆ ಖರ್ಚು ಅರವತ್ತು ಸೆಂಟ್ ಕೂಡ ಇಲ್ಲ, ಅದರಲ್ಲಿ ಮುಕ್ಕಾಲು ಪಾಲು ಹುಕ್‌ನದ್ದೇ. ಈ ಸಲ ಫೋಮ್ ಮುಳುಗಲಿಲ್ಲ, ಮಳೆ ಮುಳುಗಿಸಿತು. ದಾರಿಯ ಬೆಥೆಲ್ ಪಟ್ಟಣದಲ್ಲಿ ಒಂದೂವರೆ ದಿನ ಮಂಜಿಗೆ ಸಿಕ್ಕಿಹಾಕಿಕೊಂಡೆವು. ನದಿ ಪಕ್ಕದ ಹಳ್ಳಿ ಕ್ವಿನ್ಹಾಗಾಕ್‌ಗೆ ಹೋಗುವ ಚಿಕ್ಕ ವಿಮಾನ ಏಳಲೇ ಇಲ್ಲ. ಹೋಗಿ ತಲುಪಿದಾಗ ನದಿ ಚಹಾ ಬಣ್ಣಕ್ಕೆ ತಿರುಗಿ ದಂಡೆಯ ಪೊದೆಯವರೆಗೂ ಏರಿತ್ತು. ಅಷ್ಟು ಕಲಕಿದ ನೀರಲ್ಲಿ ವಾಗ್ ಎಸೆಯೋದು ಗೋಡೆಗೆ ಎಸೆದ ಹಾಗೆ. ಕೊನೆಗೆ ನಾನೂ ತುದಿ ಮುಳುಗುವ ಲೈನ್ (ಸಿಂಕ್ ಟಿಪ್) ಹಾಕಿ, ಗುಲಾಬಿ ಲೀಚ್ ಕಟ್ಟಿ, ಒಂಬತ್ತು ಮೀನು ಹಿಡಿದೆ. ಮೇಲ್ಮೈಯಲ್ಲಿ ಸೊನ್ನೆ. ಹವಾಮಾನದಿಂದ ಹಾಳಾದ ದಿನಕ್ಕೆ ಲಾಡ್ಜ್‌ನವರು ಒಂದು ಡಾಲರೂ ವಾಪಸ್ ಕೊಡಲಿಲ್ಲ. ಒಪ್ಪಂದದಲ್ಲಿ ಹಾಗೇ ಬರೆದಿತ್ತು, ಓದಿರಲಿಲ್ಲ, ತಪ್ಪು ನನ್ನದೇ. ಆದರೂ ಹೊಟ್ಟೆ ಉರಿಯಿತು.

ಇನ್ನು ದುಡ್ಡಿನ ವಿಷಯ. ಮೊದಲ ವರ್ಷ ಲಾಡ್ಜ್‌ಗೆ ಸುಮಾರು 6,900 ಡಾಲರ್ ಕೊಟ್ಟ ನೆನಪು. ಸಿಯಾಟಲ್‌ನಿಂದ ಆಂಕರೇಜ್, ಬೆಥೆಲ್ ದಾಟಿ ಕ್ವಿನ್ಹಾಗಾಕ್‌ವರೆಗೆ ಹೋಗಿ ಬರಲು 1,100ರ ಹತ್ತಿರ. ಗೈಡ್‌ಗೆ, ಅಡುಗೆಯವರಿಗೆ ಟಿಪ್ಸ್ 800. ಅಲಾಸ್ಕಾ ಹೊರಗಿನವರಿಗೆ ಏಳು ದಿನದ ಲೈಸೆನ್ಸ್ 45 ಡಾಲರ್. ಇಡೀ ಪಟ್ಟಿಯಲ್ಲಿ ಕೊಟ್ಟ ದುಡ್ಡಿಗೆ ಬೆಲೆ ಬಂತು ಅನ್ನಿಸಿದ್ದು ಅದೊಂದೇ. ಸಿಲ್ವರ್ ಮಾತ್ರ ಹಿಡಿಯೋದಾದ್ದರಿಂದ ಕಿಂಗ್ ಸಾಲ್ಮನ್ ಹಿಡಿಯಲು ಬೇಕಾದ ಕಿಂಗ್ ಸ್ಟ್ಯಾಂಪ್ ಖರ್ಚು ಉಳಿಯಿತು. ಎರಡನೇ ವರ್ಷವೂ ಹೆಚ್ಚು ಕಡಿಮೆ ಇಷ್ಟೇ. ವಾಗ್‌ಗೆ ಬಿದ್ದ ಮೀನು ಎರಡು ವರ್ಷ ಸೇರಿ ಎರಡೇ ಅಲ್ವಾ? ಮನೆಯಾಕೆ ಭಾಗಾಕಾರ ಮಾಡಿ ತೋರಿಸಿದಳು. ಆಮೇಲೆ ಒಂದು ವಾರ ಮನೆಯಲ್ಲಿ ಮೀನಿನ ಮಾತೇ ಇರಲಿಲ್ಲ.

ಮೂರನೇ ವರ್ಷ ಪೂರ್ತಿ ದುಡ್ಡು ಕೊಟ್ಟು ಹೋಗುವ ಮುಖ ಇರಲಿಲ್ಲ. ಜೂನ್‌ನಲ್ಲಿ ಅದೇ ನದಿಯ ಇನ್ನೊಂದು ಕ್ಯಾಂಪ್‌ಗೆ ಫೋನ್ ಮಾಡಿ, "ಯಾರಾದರೂ ಕೊನೇ ಗಳಿಗೆಯಲ್ಲಿ ಕೈಕೊಟ್ಟರೆ ಹತ್ತು ದಿನದ ನೋಟಿಸ್‌ನಲ್ಲಿ ಬರುತ್ತೇನೆ, ಯಾರ ಜೊತೆ ಬೇಕಾದರೂ ಟೆಂಟ್ ಹಂಚಿಕೊಳ್ಳುತ್ತೇನೆ" ಅಂತ ಹೇಳಿಟ್ಟೆ. ತಿಂಗಳಿಗೆ ಎರಡು ಸಲ ನೆನಪಿಸಿದೆ, ಪೀಡಿಸದ ಹಾಗೆ. ಆಗಸ್ಟ್ ಮೊದಲ ವಾರ ಫೋನ್ ಬಂತು. 4,500 ಡಾಲರ್‌ಗೆ ಕುದುರಿತು. ಗೊರಕೆ ಹೊಡೆಯುವ ಒಬ್ಬ ಹಲ್ಲಿನ ಡಾಕ್ಟರ್ ಜೊತೆ ಟೆಂಟ್. ಪರವಾಗಿಲ್ಲ.

ಅದಕ್ಕೂ ಮುಂಚಿನ ಚಳಿಗಾಲ ಪೂರ್ತಿ ಒಂದೇ ಯೋಚನೆ ಕೊರೆಯುತ್ತಿತ್ತು. ಮೊದಲ ವರ್ಷ ಸಿಕ್ಕ ಎರಡೂ ಮೀನು ಯಾವಾಗ ಸಿಕ್ಕಿದ್ದವು? ನೋಟ್‌ಬುಕ್ ತೆಗೆದು ನೋಡಿದೆ. ಒಂದು ದಟ್ಟ ಮೋಡದ ಬೆಳಿಗ್ಗೆ. ಇನ್ನೊಂದು ಸಂಜೆ ಕ್ಯಾಂಪ್ ಎದುರಿಗೇ, ಊಟದ ಗಂಟೆ ಹೊಡೆಯುವ ಮುಂಚೆ ಸುಮ್ನೆ ಎಸೆದಾಗ. ಲಾಡ್ಜ್ ದೋಣಿಗಳು ಹೊರಡೋದು ಬೆಳಿಗ್ಗೆ ಎಂಟಕ್ಕೆ, ವಾಪಸ್ ಐದಕ್ಕೆ. ನಡುಮಧ್ಯಾಹ್ನದ ಬಿಸಿಲಲ್ಲಿ ವಾಗ್ ಎಳೆದು, ಮೀನು ಬರೋದಿಲ್ಲ ಅಂತ ದೂರುತ್ತಿದ್ದೆವು. ಆಗಸ್ಟ್ ಇಪ್ಪತ್ತರ ಹೊತ್ತಿಗೆ ಅಲ್ಲಿ ಸೂರ್ಯ ಮುಳುಗೋದೇ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ. ಅಂದರೆ ಊಟ ಮುಗಿಸಿ ಎಲ್ಲರೂ ವಿಸ್ಕಿ ಹಿಡಿದು ಕೂರುವ ಹೊತ್ತೇ ನನ್ನ ಹೊತ್ತು.

ಹೋದ ಮೊದಲ ದಿನವೇ ಗೈಡ್ ಹತ್ತಿರ ಕೇಳಿದೆ. ಕ್ಯಾಂಪ್‌ನಿಂದ ಒಬ್ಬರೇ ಹೋಗುವಂತಿಲ್ಲ ಅಂದ, ಕರಡಿ ಕಾರಣ. ಹಲ್ಲಿನ ಡಾಕ್ಟರನ್ನು ಪುಸಲಾಯಿಸಿದೆ. ಕರಡಿಗೆ ಹೊಡೆಯುವ ಖಾರದ ಸ್ಪ್ರೇ ವಿಮಾನದಲ್ಲಿ ಬಿಡೋದಿಲ್ಲವಲ್ಲ, ಕ್ಯಾಂಪ್‌ನದ್ದೇ ಒಂದು ಡಬ್ಬಿ ಇಸಿದುಕೊಂಡೆ.

ಕ್ಯಾಂಪ್ ಕೆಳಗೆ ನೂರು ಹೆಜ್ಜೆಯಲ್ಲಿ ಒಂದು ನಡುಗಡ್ಡೆ. ಅದರ ಹಿಂದೆ ನಿಂತ ನೀರಿನ ಮಡು. ಹರಿವಿಲ್ಲ, ಆಳ ಎದೆಮಟ್ಟ, ತಳದಲ್ಲಿ ಕೆಸರು. ಉಬ್ಬರದ ಜೊತೆ ಸಮುದ್ರದಿಂದ ಬಂದ ಮೀನು ದಣಿವಾರಿಸಿಕೊಳ್ಳೋದು ಇಂಥ ಕಡೆಯೇ. ಎರಡನೇ ಸಂಜೆ, ಒಂಬತ್ತೂವರೆ ಇರಬೇಕು. ಗಾಳಿ ನಿಂತಿತ್ತು. ನುಸಿ ಕಿವಿಯೊಳಗೆ ಹೋಗುತ್ತಿತ್ತು. ಎದುರು ದಂಡೆಯ ಹುಲ್ಲಿನ ಅಂಚಿಗೆ ಎಸೆದೆ. ರಾಡ್ ಕಂಕುಳಲ್ಲಿ ಒತ್ತಿಕೊಂಡು, ಎರಡೂ ಕೈಯಿಂದ ಲೈನ್ ಎಳೆದೆ, ಹಸುವಿನ ಹಾಲು ಕರೆಯುವ ಹಾಗೆ, ಒಂದು ಬಿಟ್ಟು ಒಂದು. ಫೋಮ್ ಬುಳುಬುಳು ಅಂತ ನೀರು ಸೀಳಿಕೊಂಡು ಬಂತು. ಆರು ಅಡಿ ಬಂದಿರಬೇಕು, ಹಿಂದೆ ನೀರು ಉಬ್ಬಿತು. ಉಬ್ಬು ಹತ್ತಿರವಾಯಿತು. ಒಂದು ಬಾಯಿ ತೆರೆದು ಮುಚ್ಚಿತು, ವಾಗ್ ಪಕ್ಕಕ್ಕೆ ಹಾರಿತು. ಕೈ ನಿಲ್ಲಿಸಲಿಲ್ಲ. ಮತ್ತೆ ಉಬ್ಬು, ಮತ್ತೆ ಬಾಯಿ, ಮತ್ತೆ ತಪ್ಪಿತು. ಡಾಕ್ಟರ್ ಹಿಂದಿನಿಂದ "ಎಳೀರಿ, ಎಳೀರಿ" ಅಂತ ಕೂಗುತ್ತಿದ್ದರು. ಎಳೆಯಲಿಲ್ಲ. ಅದೇ ಲಯದಲ್ಲಿ ಕರೆಯುತ್ತಾ ಹೋದೆ. ಮೂರನೇ ಸಲ ಮೀನು ಮೇಲಿನಿಂದ ಬಿದ್ದು ವಾಗನ್ನು ಕೆಳಕ್ಕೆ ತಗೊಂಡು ಹೋಯಿತು. ಕೈಗೆ ಭಾರ ಬಂದ ಮೇಲೆ ಲೈನ್ ಜಗ್ಗಿದೆ. ಹತ್ತು ಪೌಂಡ್ ಇದ್ದೀತು. ಬಾಲದ ಹತ್ತಿರ ಕಡಲ ಹೇನು ಇನ್ನೂ ಅಂಟಿಕೊಂಡಿದ್ದವು, ಅಷ್ಟು ತಾಜಾ.

ಮೂರು ವರ್ಷದಲ್ಲಿ ಕಲಿತದ್ದು ಹೆಚ್ಚುಕಡಿಮೆ ಇಷ್ಟೇ. ನಿಲ್ಲಿಸಬೇಡಿ. ವೇಗ ಬದಲಿಸಬೇಡಿ. ಮೀನು ತಪ್ಪಿಸಿದರೆ "ಪಾಪ, ಕಾಯೋಣ" ಅಂತ ಕೈ ನಿಧಾನ ಮಾಡಿದಿರೋ, ತಿರುಗಿ ಹೋಗುತ್ತೆ. ಒಂದೇ ಕೈಯಿಂದ ಲೈನ್ ಎಳೆದರೆ ಎರಡು ಎಳೆತದ ನಡುವೆ ಒಂದು ಕ್ಷಣ ವಾಗ್ ನಿಲ್ಲುತ್ತದಲ್ಲ, ಮೊದಲ ವರ್ಷ ಅರ್ಧ ಮೀನು ಕಳಕೊಂಡದ್ದು ಅಲ್ಲೇ ಅಂತ ನನ್ನ ಅನುಮಾನ. ರಾಡ್ ಕಂಕುಳಲ್ಲಿದ್ದರೆ ಇನ್ನೊಂದು ಲಾಭ, ಆತುರಪಟ್ಟು ಎತ್ತಲು ಬೇಕೆಂದರೂ ಆಗೋದಿಲ್ಲ. ಲೈನ್ ತುದಿಗೂ ಫ್ಲೈಗೂ ನಡುವೆ ಕಟ್ಟುವ ಲೀಡರ್ ದಾರವನ್ನು ಒಂಬತ್ತು ಅಡಿಯಿಂದ ಆರಕ್ಕೆ ಇಳಿಸಿದೆ, ತುದಿಗೆ ಸಣ್ಣಗಾಗುವ ಟೇಪರ್ ಗೀಪರ್ ಏನೂ ಇಲ್ಲ, ನೇರ ಇಪ್ಪತ್ತು ಪೌಂಡ್ ತಾಳುವ ಮ್ಯಾಕ್ಸಿಮಾ ಕಂಪನಿಯ ದಾರ. ಎಂಟು ವೇಟ್‌ನ ರಾಡ್, ತೇಲುವ ಲೈನ್. ಫೋಮ್ ತುಟಿಯನ್ನು ಯಾವ ಕೋನದಲ್ಲಿ ಕತ್ತರಿಸಬೇಕು, ಹೊಟ್ಟೆ ಕೆಳಗೆ ನಾನು ಏನು ಸೇರಿಸುತ್ತೇನೆ ಅನ್ನೋದನ್ನು ಮಾತ್ರ ಹೇಳೋದಿಲ್ಲ. ಅದಕ್ಕೆ ನಾನು ಇಪ್ಪತ್ತನಾಲ್ಕು ಸಾವಿರ ಡಾಲರ್ ಕೊಟ್ಟಿದ್ದೇನೆ.

ಆ ವಾರ ಐದು ಸಂಜೆ ಸಿಕ್ಕವು. ಸುಮಾರು ನಲವತ್ತು ಸಲ ಮೀನು ಮೇಲೆ ಬಂತು. ಇಪ್ಪತ್ತೆರಡು ಸಿಕ್ಕಿಕೊಂಡವು, ದಂಡೆಗೆ ಬಂದದ್ದು ಹದಿನೇಳು. ಡಾಕ್ಟರ್ ನನ್ನದೇ ವಾಗ್ ಇಸಿದುಕೊಂಡು ನಾಲ್ಕು ಹಿಡಿದರು. ಬಿಸಿಲಿನ ಹೊತ್ತಲ್ಲೂ ಹಟಕ್ಕೆ ಒಂದು ದಿನ ಅದನ್ನೇ ಎಸೆದೆ. ಎರಡು ಸಿಕ್ಕವು, ಎರಡೂ ಮೋಡ ಕವಿದ ಅರ್ಧ ಗಂಟೆಯಲ್ಲಿ. ಹಾಗಾಗಿ ಹಗಲಲ್ಲಿ ಸುಮ್ನೆ ಲೀಚ್ ಹಾಕಿ, ಮರ್ಯಾದೆ ಹೋಗೋದಿಲ್ಲ.

ಮಧ್ಯೆ ಮಧ್ಯೆ ಬೇರೆ ಆಟವೂ ಆಡಿದೆ. ನೇರಳೆ ಫೋಮ್: ಮೀನು ಹಿಂಬಾಲಿಸಿತು, ಕಚ್ಚಲಿಲ್ಲ. ಒಳಗೆ ಗಿಲಕಿ ಇಟ್ಟದ್ದು: ಏನೂ ವ್ಯತ್ಯಾಸ ಕಾಣಲಿಲ್ಲ. ಹಿಂದಕ್ಕೆ ದಾರದಲ್ಲಿ ಜೋತುಬಿಟ್ಟ ಹುಕ್ ಹಾಕಿ, ಮುಂದಿನದನ್ನು ಕತ್ತರಿಸಿದ್ದು: ತಪ್ಪೋದು ಕಡಿಮೆಯಾಯಿತು, ಆದರೆ ಎರಡು ಮೀನಿಗೆ ಕಿವಿರಿನ ಹತ್ತಿರ ಚುಚ್ಚಿ ರಕ್ತ ಬಂತು. ಅವೆರಡನ್ನೂ ಅಡುಗೆ ಟೆಂಟ್‌ಗೆ ಕೊಟ್ಟೆ. ಬಿಡುವ ಮೀನಿಗೆ ಅದು ಸರಿಯಲ್ಲ, ಕೈಬಿಟ್ಟೆ. ಇಲಿ ಆಕಾರದ ಫ್ಲೈ ಕಟ್ಟಿ ಮೇಲಿನ ಭಾಗದ ಹರಿವಿನಲ್ಲಿ ಒಂದು ಮಧ್ಯಾಹ್ನ ರೇನ್‌ಬೋ ಟ್ರೌಟ್‌ಗೆ ಎಸೆದೆ. ಆ ನದಿಯ ಟ್ರೌಟ್ ಇಲಿಗೆ ಹುಚ್ಚು ಹಿಡಿದ ಹಾಗೆ ಬರುತ್ತೆ. ಮೈತುಂಬ ಚಿರತೆ ಚುಕ್ಕಿ. ಅದರದ್ದೇ ಬೇರೆ ಕತೆ ಬರೆಯಬೇಕು.

ಕರಡಿ ಬಂದದ್ದು ನಾಲ್ಕನೇ ಸಂಜೆ. ಮೀನು ಸಿಕ್ಕಿ ನೀರು ಚಟಪಟ ಸಿಡಿಯುತ್ತಿತ್ತು. ಆ ಸದ್ದಿಗೇ ಬಂತು. ಎದುರಿನ ಪೊದೆ ಅಲ್ಲಾಡಿತು, ಕಂದು ತಲೆ ಹೊರಗೆ ಬಂತು, ನೇರ ನನ್ನ ಮೀನಿನ ಕಡೆ ನೋಡಿತು. ಡಾಕ್ಟರ್ ಸ್ಪ್ರೇ ಕೈಗೆ ತೆಗೆದುಕೊಂಡರು. ಕ್ಯಾಂಪ್ ಕಡೆಯಿಂದ ಗೈಡ್ "ಕತ್ತರಿಸಿ, ಕತ್ತರಿಸಿ" ಅಂತ ಓಡಿಬಂದ. ದಾರ ಕತ್ತರಿಸುವ ಕ್ಲಿಪ್ಪರ್ ಸಿಗಲಿಲ್ಲ, ನೀರಿಗಿಳಿಯಲು ಹಾಕುವ ವೇಡರ್ ಒಳಗೆಲ್ಲೋ ಸಿಕ್ಕಿಕೊಂಡಿತ್ತು. ಅವನೇ ಬಂದು ರಾಡ್ ತುದಿಯ ಹತ್ತಿರ ಚಾಕುವಿನಿಂದ ಲೀಡರ್ ಕಡಿದ. ಮೀನು ಹೋಯಿತು, ಸದ್ದು ನಿಂತಿತು. ಕರಡಿ ಸ್ವಲ್ಪ ಹೊತ್ತು ನಿಂತು, ಮೈ ತುರಿಸಿಕೊಂಡು, ಕೆಳಗೆ ನಡೆದುಕೊಂಡು ಹೋಯಿತು. ನಮ್ಮ ಮೂವರಿಗೂ ಕಾಲು ನಡುಗುತ್ತಿತ್ತು. ಆಮೇಲಿಂದ ಕ್ಲಿಪ್ಪರ್ ಹೊರಗಡೆ ಎದೆ ಮೇಲೇ ನೇತುಹಾಕುತ್ತೇನೆ.

ಹೊರಡುವ ದಿನ ಈ ಕ್ಯಾಂಪ್‌ನ ಗೈಡ್ ಏನೂ ಹೊಗಳಲಿಲ್ಲ. ಟಿಪ್ಸ್ ಲಕೋಟೆ ಇಸಿದುಕೊಂಡು, ಅಂಗಿ ಜೇಬು ತೋರಿಸಿ, "ಡಬ್ಬಿಯಲ್ಲಿ ಉಳಿದಿದ್ದರೆ ಒಂದೆರಡು ಇಲ್ಲಿ ಹಾಕಿ ಹೋಗಿ" ಅಂದ. ನಾಲ್ಕು ಹಾಕಿದೆ. ಚಪ್ಪಲಿ ಅಂದಿದ್ದ ಗೆಳೆಯ ಹೋದ ವಾರ ಫೋನ್ ಮಾಡಿ ಅರ್ಧ ಡಜನ್ ಕಟ್ಟಿಕೊಡು ಅಂದಿದ್ದಾನೆ. ಅವನಿಗೆ ಜಿಂಕೆ ಕೂದಲಿನವನ್ನು ಕೊಡೋಣ ಅಂತಿದ್ದೇನೆ, ಇನ್ನೂ ಹನ್ನೊಂದು ಹಾಗೇ ಬಿದ್ದಿವೆ.