ಏರು ಬರುವ ಮೊದಲೇ ಎಂಜಿನ್ ಆನ್ ಮಾಡಿ

ಬಿಎಂಡಬ್ಲ್ಯು ಐ3 ಎಲೆಕ್ಟ್ರಿಕ್ ಕಾರಿನಲ್ಲಿ ರೇಂಜ್ ಎಕ್ಸ್‌ಟೆಂಡರ್, ಅಂದರೆ ಇನ್ನಷ್ಟು ದೂರ ಹೋಗಲು ಕರೆಂಟ್ ಕೊಡುವ ಸಣ್ಣ ಪೆಟ್ರೋಲ್ ಎಂಜಿನ್, ಇರುವ ಮಾದರಿಯೂ ಇತ್ತು. 2013ರಲ್ಲಿ ಬಂತು, ಯುರೋಪಿನಲ್ಲಿ 2018ಕ್ಕೆ ನಿಂತಿತು. ಬ್ರಿಟನ್, ಜರ್ಮನಿಯಲ್ಲಿರುವ ಕನ್ನಡಿಗರು ಸೆಕೆಂಡ್ ಹ್ಯಾಂಡ್‌ನಲ್ಲಿ ಇದನ್ನು ನೋಡುತ್ತಿದ್ದರೆ, ಓಡಿಸುವ ಕ್ರಮ ಮೊದಲೇ ತಿಳಿದಿರಬೇಕು.

ಡಿಕ್ಕಿಯ ಕೆಳಗೆ 647 ಸಿಸಿಯ, ಎರಡು ಸಿಲಿಂಡರ್‌ನ ಪೆಟ್ರೋಲ್ ಎಂಜಿನ್ ಇದೆ. ಮೂಲದಲ್ಲಿ ಇದು ಸ್ಕೂಟರಿನ ಎಂಜಿನ್. ಚಕ್ರಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಜನರೇಟರ್ ತಿರುಗಿಸಿ ಕರೆಂಟ್ ಕೊಡುವುದಷ್ಟೇ ಇದರ ಕೆಲಸ.

ಇಲ್ಲೇ ಎಲ್ಲ ಗುಟ್ಟೂ ಇರುವುದು. ಚಕ್ರ ತಿರುಗಿಸುವ ಮೋಟಾರಿನ ಶಕ್ತಿ 125 ಕಿಲೋವ್ಯಾಟ್. ಎಂಜಿನ್ ಕೊಡುವುದು 25ರ ಆಸುಪಾಸು. ಓವರ್‌ಹೆಡ್ ಟ್ಯಾಂಕಿಗೆ ಸಣ್ಣ ಪೈಪಿನಲ್ಲಿ ನೀರು ಬರುತ್ತಿದ್ದು, ಕೆಳಗೆ ನಲ್ಲಿಗಳೆಲ್ಲ ಒಟ್ಟಿಗೆ ತೆರೆದ ಹಾಗೆ. ಟ್ಯಾಂಕಿನಲ್ಲಿ ನೀರಿದ್ದಷ್ಟು ಹೊತ್ತು ಗೊತ್ತೇ ಆಗುವುದಿಲ್ಲ, ಅಲ್ವಾ? ಇಲ್ಲಿ ಆ ಟ್ಯಾಂಕ್ ಅಂದರೆ ಬ್ಯಾಟರಿ.

ದಿನದ ಓಡಾಟಕ್ಕೆ ರಾತ್ರಿ ಮನೆಯಲ್ಲೇ ಚಾರ್ಜ್ ಮಾಡಿ. ಎಂಜಿನ್ ಸುದ್ದಿಗೇ ಹೋಗಬೇಡಿ.

ದೂರ ಹೊರಡುವಾಗ ಪೆಟ್ರೋಲ್ ತುಂಬಿಸಿ. ಟ್ಯಾಂಕ್ ಹಿಡಿಯುವುದು 9 ಲೀಟರ್ ಮಾತ್ರ. ಪೆಟ್ರೋಲ್ ತಿಂಗಳುಗಟ್ಟಲೆ ಹಾಗೇ ಉಳಿಯಬಹುದಾದ್ದರಿಂದ, ಆವಿ ಹೊರಹೋಗದಂತೆ ಟ್ಯಾಂಕನ್ನು ಒತ್ತಡದಲ್ಲಿ ಮುಚ್ಚಿಟ್ಟಿರುತ್ತಾರೆ. ಹಾಗಾಗಿ ಮೊದಲು ಒಳಗಿನ ಬಟನ್ ಒತ್ತಿ. ಒತ್ತಡ ಇಳಿಯುವವರೆಗೆ ತುಸು ಕಾಯಿರಿ. ಆಮೇಲೆ ಮುಚ್ಚಳ ತೆರೆಯಿರಿ.

ಈಗ ಮುಖ್ಯವಾದದ್ದು. ಯುರೋಪಿನ ಕಾರುಗಳಲ್ಲಿ ಬ್ಯಾಟರಿ ಶೇ 75ಕ್ಕಿಂತ ಕೆಳಗಿಳಿದ ಮೇಲೆ, ಚಾರ್ಜ್ ಹಿಡಿದಿಡುವ ಹೋಲ್ಡ್ ಆಯ್ಕೆ ಮೆನುವಿನಲ್ಲಿ ಸಿಗುತ್ತದೆ. ಹೆದ್ದಾರಿಗೆ ಬಂದ ಕೂಡಲೇ ಅದನ್ನು ಆನ್ ಮಾಡಿ. ಎಂಜಿನ್ ಶುರುವಾಗಿ, ಆಗ ಎಷ್ಟು ಚಾರ್ಜ್ ಇತ್ತೋ ಅಷ್ಟನ್ನೇ ಕಾಯಲು ನೋಡುತ್ತದೆ. ಬ್ಯಾಟರಿ ತುಂಬಿಸುತ್ತದೆ ಅಂತ ಮಾತ್ರ ಎಣಿಸಬೇಡಿ.

ಹೋಲ್ಡ್ ಹಾಕದಿದ್ದರೆ ಬ್ಯಾಟರಿ ಹೆಚ್ಚುಕಮ್ಮಿ ಖಾಲಿಯಾದ ಮೇಲಷ್ಟೇ ಎಂಜಿನ್ ತಾನಾಗಿ ಎದ್ದುಕೊಳ್ಳುತ್ತದೆ. ಸಮತಟ್ಟು ರಸ್ತೆಯಲ್ಲಿ, ಹದವಾದ ವೇಗದಲ್ಲಿ ಅದೂ ನಡೆಯುತ್ತದೆ. ಆದರೆ ಜರ್ಮನಿಯ ಎ7 ಹೆದ್ದಾರಿಯಲ್ಲಿ ಕಾಸೆಲ್ ಊರಿನ ಸುತ್ತಲಿನಂಥ ಉದ್ದ ಏರು ಎದುರಾದರೆ? ಬ್ಯಾಟರಿಯಲ್ಲಿ ಆಸರೆ ಇಲ್ಲ, 25 ಕಿಲೋವ್ಯಾಟ್ ಸಾಲದು. ಪೆಡಲ್ ಪೂರ್ತಿ ಒತ್ತಿದರೂ ಕಾರು ನಿಧಾನವಾಗುತ್ತಾ ಹೋಗುತ್ತದೆ. ಹಿಂದೆ ಲಾರಿಗಳು ಬರುತ್ತಿರುವಾಗ ಇದು ನಿಜಕ್ಕೂ ಅಪಾಯ. ಶೇ 50ರಷ್ಟು ಚಾರ್ಜ್ ಉಳಿಸಿಕೊಂಡಿದ್ದರೆ ಅದೇ ಏರನ್ನು ಆರಾಮವಾಗಿ ಹತ್ತಬಹುದು.

ಅಮೆರಿಕದಲ್ಲಿ ಮಾರಿದ ಕಾರುಗಳಲ್ಲಿ ಈ ಆಯ್ಕೆಯನ್ನೇ ಕೊಡಲಿಲ್ಲ. ಬ್ಯಾಟರಿ ಬರಿದಾಗುವವರೆಗೆ ಎಂಜಿನ್ ಶುರುವಾಗಬಾರದು ಎಂಬುದು ಈ ಬಗೆಯ ಕಾರುಗಳಿಗೆ ಕ್ಯಾಲಿಫೋರ್ನಿಯಾ ಹಾಕಿದ್ದ ಷರತ್ತು. ಹೊಗೆ ಕಡಿಮೆ ಮಾಡುವ ಆಶಯ ಸರಿ, ಆದರೆ ಗುಡ್ಡದ ದಾರಿಯ ಚಾಲಕನಿಗೆ ಅದರಿಂದ ಕಷ್ಟವೇ ಜಾಸ್ತಿ ಎಂಬುದು ನನ್ನ ಅಭಿಪ್ರಾಯ.

ಬಹಳ ದಿನ ಎಂಜಿನ್ ಬಳಸದಿದ್ದರೆ ಕಾರೇ ಅದನ್ನು ಸ್ವಲ್ಪ ಹೊತ್ತು ಓಡಿಸಿಕೊಳ್ಳುತ್ತದೆ. ಗಾಬರಿ ಬೇಡ. ಅದಕ್ಕೆಂದೇ ಟ್ಯಾಂಕಿನಲ್ಲಿ ಒಂದಿಷ್ಟು ಪೆಟ್ರೋಲ್ ಇರಲಿ.

ಇನ್ನು ಟೆಸ್ಟ್ ಡ್ರೈವ್‌ಗೆ ಹೋಗುವ ಮುನ್ನ ಬ್ಯಾಟರಿಯನ್ನು ಶೇ 75ಕ್ಕಿಂತ ಕೆಳಗೆ ಇಳಿಸಿಟ್ಟಿರಲು ಮಾರುವವರಿಗೆ ಹೇಳಿ. ಫುಲ್ ಚಾರ್ಜ್ ಇದ್ದರೆ ಹೋಲ್ಡ್ ಆನ್ ಆಗುವುದಿಲ್ಲ, ಎಂಜಿನ್ ಸರಿಯಿದೆಯೋ ಇಲ್ಲವೋ ನೋಡಲಿಕ್ಕೂ ಆಗುವುದಿಲ್ಲ.