ಮೊದಲು ಬಂದ ರೀಡಿಂಗನ್ನೇ ಬರೆಯಬೇಕು

ವಿಮಾನ ರಿಪೇರಿ ಕಂಪನಿಯೊಂದರ ಟೂಲ್ ಸ್ಟೋರ್‌ನಲ್ಲಿ ಹನ್ನೊಂದು ವರ್ಷ ಇದ್ದೆ. ಕ್ಯಾಲಿಬ್ರೇಷನ್‌ಗೆ ಅಂದರೆ ಅಳತೆ ಸರಿ ಇದೆಯೇ ಅಂತ ಪರೀಕ್ಷೆಗೆ ಕಳಿಸಿದ ಟಾರ್ಕ್ ರೆಂಚ್ (ಬೋಲ್ಟನ್ನು ಇಷ್ಟೇ ತಿರುಗು ಬಲಕ್ಕೆ ಅಂತ ಬಿಗಿ ಮಾಡುವ ಸ್ಪ್ಯಾನರ್) ವಾಪಸ್ ಬರಲು ವಾರಗಟ್ಟಲೆ ಕಾಯಬೇಕಿತ್ತು. ಆ ಕಾಯುವಿಕೆ ಸಾಕಾಗಿಯೇ ನಾನೇ ಲ್ಯಾಬ್ ಮಾಡೋಣ ಅಂತ ಹೊರಟೆ.

ಪೀಣ್ಯದಲ್ಲಿ ಬಾಡಿಗೆ ಕಡಿಮೆ ಅಂತ ಒಂದು ಶೆಡ್ ಹಿಡಿದೆ. ಪಕ್ಕದಲ್ಲೇ ಪವರ್ ಪ್ರೆಸ್. ಅದು ಒಂದೊಂದು ಏಟು ಹೊಡೆದಾಗಲೂ ನನ್ನ ಮೇಜು ನಡುಗುತ್ತಿತ್ತು. ನಾಲ್ಕೇ ತಿಂಗಳಲ್ಲಿ ಬೇರೆ ಕಡೆ ಹೋದೆ. ಅಡ್ವಾನ್ಸ್ ಪೂರ್ತಿ ಕೈಗೆ ಬರಲಿಲ್ಲ, ಬಿಡಿ.

ಟಾರ್ಕ್, ಪ್ರೆಷರ್ ಎರಡರಲ್ಲೇ ಶುರು ಮಾಡಿದೆ. ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಸುಮ್ನೆ ಲ್ಯಾಬಿಗೆ ಅಂತ ಸಿಗುವುದಿಲ್ಲ. ಯಾವ ಅಳತೆ, ಎಷ್ಟರಿಂದ ಎಷ್ಟರವರೆಗೆ ಅಂತ ಒಂದೊಂದಾಗಿ ಐಎಸ್ಒ 17025 ಅನ್ನುವ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ತೋರಿಸಬೇಕು. ನಾವು ಹೋಲಿಸಿ ನೋಡುವ ಮಾಸ್ಟರ್ ಉಪಕರಣವನ್ನು ಇನ್ನೊಂದು ಲ್ಯಾಬ್ ಪರೀಕ್ಷಿಸಿರಬೇಕು, ಆ ಸರಪಳಿ ದೆಹಲಿಯ ಎನ್‌ಪಿಎಲ್‌ನಂಥ ರಾಷ್ಟ್ರೀಯ ಲ್ಯಾಬ್‌ವರೆಗೆ ಮುಟ್ಟಬೇಕು.

ಪ್ರೆಷರ್‌ನಲ್ಲಿ ಮೊದಲೇ ಎಡವಿದೆ. ತೂಕ ಇಟ್ಟು ಗೊತ್ತಿರುವ ಒತ್ತಡ ಕೊಡುವ ನನ್ನ ಡೆಡ್ ವೇಟ್ ಟೆಸ್ಟರ್‌ನ ತೂಕಗಳನ್ನು ಗುರುತ್ವ 9.80665 ಅಂತ ಇಟ್ಟುಕೊಂಡು ಮಾಡಿದ್ದರು. ಬೆಂಗಳೂರಲ್ಲಿ ಅದು ಸುಮಾರು 9.78. ವ್ಯತ್ಯಾಸ 0.27 ಪರ್ಸೆಂಟ್, ಕೇಳಲು ಏನೂ ಅಲ್ಲ. ಆದರೆ ಎ320, ಬೋಯಿಂಗ್ 737 ವಿಮಾನಗಳ ಹೈಡ್ರಾಲಿಕ್ ಒತ್ತಡ 3000 ಪಿಎಸ್ಐ (ಚದರ ಇಂಚಿಗೆ ಪೌಂಡ್). ಅಲ್ಲಿ ಅದು 8 ಪಿಎಸ್ಐ ಆಗುತ್ತದೆ. ಗೇಜು ತಪ್ಪು ಅಂದುಕೊಂಡು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ, ತಪ್ಪು ನನ್ನ ಲೆಕ್ಕದ್ದು!

ನಿಜವಾದ ಪರೀಕ್ಷೆ ಬಂದಿದ್ದು ಒಂದು ಟಾರ್ಕ್ ರೆಂಚ್ ರೂಪದಲ್ಲಿ. ಗರಿಷ್ಠ 100 ನ್ಯೂಟನ್ ಮೀಟರ್‌ನ ಕ್ಲಿಕ್ ರೆಂಚ್, ಇಟ್ಟ ಬಲ ಮುಟ್ಟಿದಾಗ ಕ್ಲಿಕ್ ಅನ್ನುವಂಥದ್ದು. 20, 60, 100ರಲ್ಲಿ ಐದೈದು ಸಲ ನೋಡಿದೆವು. 100ಕ್ಕೆ ಇಟ್ಟರೆ 93ಕ್ಕೇ ಕ್ಲಿಕ್ ಅನ್ನುತ್ತಿತ್ತು. ಹೆಚ್ಚುಕಮ್ಮಿ ಅಂತ ಬಿಡಬಹುದಾದದ್ದು 4 ಪರ್ಸೆಂಟ್ ಮಾತ್ರ. ರೆಂಚ್ ಕಳಿಸಿದ್ದವರಿಗೆ ಫೋನ್ ಮಾಡಿದೆ.

"ಸರ್, ಸ್ವಲ್ಪ ತಿರುಗಿಸಿ ಸರಿ ಮಾಡ್ಕೊಂಡು ಆಮೇಲೆ ರೀಡಿಂಗ್ ಬರೀರಿ. ನಾವೇನ್ ಕೇಳಲ್ಲ," ಅಂದರು ಆ ಕಡೆಯವರು.

ಹಾಗೆ ಬರೆದರೆ ಕೆಲಸ ಸುಲಭ. ಆದರೆ ಹೋದ ಸಲದ ಕ್ಯಾಲಿಬ್ರೇಷನ್ ಆದ ಮೇಲೆ ಆ ರೆಂಚ್ ಬಿಗಿ ಮಾಡಿದ ಬೋಲ್ಟುಗಳು ಎಲ್ಲೋ ಹಾರಾಡುತ್ತಿವೆಯಲ್ಲ? ಅದಕ್ಕೇ ಬಂದಾಗಿನ ರೀಡಿಂಗ್ ಬೇರೆ, ಸರಿ ಮಾಡಿದ ಮೇಲಿನ ರೀಡಿಂಗ್ ಬೇರೆ ಅಂತ ಎರಡನ್ನೂ ಬರೆಯುವುದು. ನಾನು 93 ಅಂತಲೇ ಬರೆದೆ. ಅವರು ಟೂಲ್ ರಿಜಿಸ್ಟರ್ ತೆಗೆದು ಯಾವ ಯಾವ ಕೆಲಸಕ್ಕೆ ಹೋಗಿತ್ತು ಅಂತ ಹುಡುಕಬೇಕಾಯಿತು. ಮತ್ತೆ ನಮಗೆ ಕೆಲಸ ಕಳಿಸಲಿಲ್ಲ. ಆ ತಿಂಗಳು ಸಂಬಳ ಕೊಡಲು ಹೆಂಡತಿಯ ಬಳೆ ಅಡವಿಟ್ಟೆ.

ರೆಂಚ್ ಕೆಟ್ಟಿದ್ದು ಯಾಕೆ ಅಂತೀರಾ? ಕೆಲಸ ಮುಗಿದ ಮೇಲೆ 100ರಲ್ಲೇ ಬಿಟ್ಟು ಡಬ್ಬಿಗೆ ಹಾಕುತ್ತಿದ್ದರು, ಸ್ಪ್ರಿಂಗ್ ಸೋತಿತ್ತು. ಅತಿ ಕಡಿಮೆಯ ಗುರುತಿಗೆ ಇಳಿಸಿ ಇಡಬೇಕು. ಈಗ ನಮ್ಮಿಂದ ಹೋಗುವ ಪ್ರತಿ ಡಬ್ಬಿಯ ಮುಚ್ಚಳದೊಳಗೆ ಅಷ್ಟನ್ನು ಕನ್ನಡದಲ್ಲಿ ಬರೆದು ಅಂಟಿಸುತ್ತೇವೆ.