ಕ್ರಿಸ್ಮಸ್ ಮರ ಹಾಕ್ಲಾ, ಮೇ ಹೂವಿನ ಗೆಡ್ಡೆ ಹಾಕ್ಲಾ? ನನ್ನ ಅನುಭವ

ಪಕ್ಕದ ಬೀದಿಯಲ್ಲಿ ಈಚೆಗೆ ಗೃಹಪ್ರವೇಶ ಮಾಡಿದ ಹುಡುಗಿ ಒಂದು ಸಂಜೆ ಬಂದು, "ಆಂಟಿ, ಗೇಟ್ ಪಕ್ಕ ಆರಡಿ ಜಾಗ ಉಳಿದಿದೆ. ನಿಮ್ಮನೆ ಥರ ಕ್ರಿಸ್ಮಸ್ ಮರ ಹಾಕ್ಲಾ, ಇಲ್ಲಾ ಆ ಕೆಂಪು ಚೆಂಡಿನ ಹೂವು ಹಾಕ್ಲಾ?" ಎಂದು ಕೇಳಿದಳು. ಎರಡೂ ನಮ್ಮ ಮನೆ ಮುಂದೆಯೇ ಇವೆ. ಎರಡರಲ್ಲೂ ನಾನು ತಪ್ಪು ಮಾಡಿದ್ದೇನೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 30-40 ಸೈಟು. 2012ರಲ್ಲಿ ಒಂದು ನರ್ಸರಿಯಿಂದ ಎರಡಡಿ ಎತ್ತರದ ಅರೋಕೇರಿಯಾ ತಂದೆವು. ನಾವೆಲ್ಲ ಕ್ರಿಸ್ಮಸ್ ಮರ ಅನ್ನುವುದು ಅದನ್ನೇ. "ಇದು ಜಾಸ್ತಿ ಬೆಳೆಯಲ್ಲ ಮೇಡಂ" ಎಂದಿದ್ದರು, ನಂಬಿದೆ. ಕಾಂಪೌಂಡಿನಿಂದ ಮೂರೇ ಅಡಿ ಬಿಟ್ಟು ನೆಟ್ಟೆ. ಮೊದಲ ಮೂರು ವರ್ಷ ಅದು ನಿಜಕ್ಕೂ ಬೆಳೆಯಲಿಲ್ಲ, ಬೇರು ಇಳಿಸಿಕೊಳ್ಳುತ್ತಿತ್ತು ಅಂತ ಕಾಣುತ್ತದೆ, ಆಮೇಲೆ ಶುರುವಾಯಿತು ನೋಡಿ, ಪ್ರತಿ ವರ್ಷ ಎರಡಡಿ, ಮೂರಡಿ, ತಟ್ಟೆಯ ಮೇಲೆ ತಟ್ಟೆ ಇಟ್ಟ ಹಾಗೆ ಸುತ್ತಲೂ ಕೊಂಬೆ ಬಿಡುತ್ತಾ ಮೇಲೆ ಹೋಯಿತು. ಇದರ ಸ್ವಂತ ಊರು ಆಸ್ಟ್ರೇಲಿಯಾದ ಮೂಡಲಿಗಿರುವ ನ್ಯೂ ಕ್ಯಾಲಿಡೋನಿಯಾ ದ್ವೀಪ. 1774ರಲ್ಲಿ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್ ಅಲ್ಲಿಗೆ ಹೋಗಿದ್ದ, ಅವನ ಹೆಸರಿನಲ್ಲೇ ಇದನ್ನು ಕುಕ್ ಪೈನ್ ಎಂದೂ ಕರೆಯುತ್ತಾರೆ. ತನ್ನ ನೆಲದಲ್ಲಿ ನೂರಡಿ ದಾಟುವ ಮರ. ಅದಕ್ಕೆ ನಾನು ಕೊಟ್ಟ ಜಾಗ ಮೂರಡಿ.

2019ರ ಹೊತ್ತಿಗೆ ತುದಿ ಕರೆಂಟ್ ತಂತಿಗೆ ಮುಟ್ಟುವ ಹಾಗಾಯಿತು. ಆಗ ಮರ ಸವರುವವರನ್ನು ಕರೆಸಿ ತುದಿ ಕಡಿಸಿದೆ. ನನ್ನ ದೊಡ್ಡ ತಪ್ಪು ಇದು. ಮಾವು, ಸೀಬೆ ಕತ್ತರಿಸಿದ ಹಾಗೆ ಇದನ್ನು ಕತ್ತರಿಸಬಾರದು. ಈ ಮರದ ಅಂದವೆಲ್ಲಾ ಇರುವುದು ಆ ಒಂದೇ ನೆಟ್ಟಗಿನ ತುದಿಯಲ್ಲಿ. ತುದಿ ಹೋದ ಮೇಲೆ ಕಾಂಡದಿಂದ ಮೂರು ಹೊಸ ತುದಿ ಹೊರಟವು, ಈಗ ಮೂರೂ ಒಂದಕ್ಕೊಂದು ಪೈಪೋಟಿ ಮೇಲೆ ಬೆಳೆಯುತ್ತಿವೆ, ಬುಡದಲ್ಲಿ ಅವು ಕೂಡುವ ಜಾಗ ಗಟ್ಟಿ ಇಲ್ಲ, ಹಾಗಾಗಿ ಜೋರು ಗಾಳಿ ಬಂದ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಇನ್ನೊಂದು ವಿಷಯ: ಇದರ ಎಲೆ ಒಂದೊಂದಾಗಿ ಉದುರುವುದಿಲ್ಲ, ಸಣ್ಣ ಕೊಂಬೆಯೇ ಹಗ್ಗದ ತುಂಡಿನ ಹಾಗೆ ಒಣಗಿ ಬೀಳುತ್ತದೆ. ತಾರಸಿಯ ನೀರು ಹೋಗುವ ಪೈಪಿಗೆ ಸಿಕ್ಕಿಕೊಂಡರೆ ಕೈ ಹಾಕಿಯೇ ಎಳೆಯಬೇಕು.

ಹಾಗಂತ ಆ ಮರದ ಮೇಲೆ ನನಗೆ ಬೇಸರ ಇಲ್ಲ. ವರ್ಷವಿಡೀ ಹಸಿರು. ರಾಟವಾಳ ಹಕ್ಕಿಗಳು ಹುಲ್ಲಿನ ಎಸಳು ಕಚ್ಚಿಕೊಂಡು ಬಂದು ಅದರಲ್ಲೇ ಗೂಡು ಕಟ್ಟುತ್ತವೆ. ಬೀದಿಯ ಮಕ್ಕಳು ಡಿಸೆಂಬರಿನಲ್ಲಿ ಕೆಳಗಿನ ಕೊಂಬೆಗೆ ನಕ್ಷತ್ರ ಕಟ್ಟುತ್ತಾರೆ. ಮರದ್ದೇನೂ ತಪ್ಪಿಲ್ಲ, ಜಾಗ ತಪ್ಪು.

ಸರಿಯಾದ ಜಾಗದಲ್ಲಿ ಅದು ಹೇಗಿರುತ್ತದೆ ಎಂದು ನೋಡಬೇಕಾದರೆ ಪಾಂಡವಪುರದ ಹತ್ತಿರ ನಮ್ಮಣ್ಣನ ತೋಟಕ್ಕೆ ಬರಬೇಕು. 2014ರಲ್ಲಿ ಅಲ್ಲೂ ಒಂದು ನೆಟ್ಟೆ, ಮನೆಯಿಂದ ಮೂವತ್ತು ಅಡಿ ದೂರ, ಬೇಲಿ ಪಕ್ಕ. ಬುಡದಿಂದ ತುದಿತನಕ ಒಂದು ಕೊಂಬೆಯೂ ಕಡಿದಿಲ್ಲ. ಅದು ವಾಲುತ್ತಿದೆ ಎಂದು ಅಣ್ಣ ಎರಡು ಸಲ ಗೂಟ ಹೊಡೆದು ಹಗ್ಗ ಕಟ್ಟಿದ. ಆಷಾಢದ ಗಾಳಿಗೆ ವಾಲಿದೆ ಎಂದುಕೊಂಡಿದ್ದೆವು. ಆದರೆ ಆಷಾಢದ ಗಾಳಿ ಬೀಸುವುದು ಪಡುವಲಿನಿಂದ, ಗಾಳಿಯದ್ದೇ ಕೆಲಸವಾಗಿದ್ದರೆ ಮರ ಮೂಡಲಿಗೆ ವಾಲಬೇಕಿತ್ತು, ಅಲ್ವಾ? ಇದು ತೆಂಕಲಿಗೆ ವಾಲಿತ್ತು. ಆಮೇಲೆ ಗೊತ್ತಾಯಿತು, 2017ರಲ್ಲಿ ವಿಜ್ಞಾನಿಗಳು ಐದು ಖಂಡಗಳಲ್ಲಿ ಈ ಮರಗಳನ್ನು ಅಳೆದು ನೋಡಿದ್ದಾರೆ. ಇವು ಭೂಮಧ್ಯರೇಖೆಯ ಕಡೆಗೇ ವಾಲುತ್ತವಂತೆ. ನಮ್ಮಲ್ಲಿ ತೆಂಕಲಿಗೆ, ಆಸ್ಟ್ರೇಲಿಯಾದಲ್ಲಿ ಬಡಗಲಿಗೆ. ಹಗ್ಗ ಬಿಚ್ಚಿಬಿಟ್ಟೆವು.

ಇನ್ನು ಗೆಡ್ಡೆಯ ಕಥೆ. ಕೆಂಪು ಚೆಂಡಿನ ಹೂವು ಅಂದರೆ ಫುಟ್‌ಬಾಲ್ ಲಿಲ್ಲಿ, ಮೇ ಹೂವು ಅಂತಲೂ ಹೇಳುತ್ತೇವೆ. ಆಫ್ರಿಕಾ ಮೂಲದ್ದು. 2015ರಲ್ಲಿ ಅಮ್ಮ ಹಿತ್ತಲಿನಿಂದ ಅಗೆದು ನಾಲ್ಕು ಗೆಡ್ಡೆ ಕೊಟ್ಟಳು. ಕುಂಡಕ್ಕೆ ಹಾಕಿದೆ, ಆ ಮಳೆಗಾಲ ಅಗಲವಾದ ಎಲೆ ಬಂತು. ಡಿಸೆಂಬರಿನಲ್ಲಿ ಎಲೆ ಹಳದಿಯಾಗಿ ಬಿದ್ದುಹೋದವು. ನೀರು ಸಾಲದೆ ಒಣಗಿತು ಎಂದು ಗಾಬರಿಯಾಗಿ ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕಿದೆ. ಫೆಬ್ರವರಿಯಲ್ಲಿ ಮಣ್ಣು ಕೆದಕಿದರೆ ಮೂರು ಗೆಡ್ಡೆ ಕೊಳೆತು ಲೋಳೆಯಾಗಿದ್ದವು, ವಾಸನೆ ತಡೆಯಲಾಗಲಿಲ್ಲ. ಅಮ್ಮನಿಗೆ ಫೋನ್ ಮಾಡಿದರೆ, "ಸುಮ್ನೆ ಬುಡು ಕಣವ್ವ, ಅದು ಮಲ್ಗೈತೆ. ಮಳೆ ಬಂದ್ರೆ ತಾನೇ ಏಳ್ತದೆ" ಎಂದಳು.

ಉಳಿದ ಒಂದನ್ನು ಬೇಜಾರಿನಲ್ಲಿ ಕುಂಡದಿಂದ ತೆಗೆದು ಕ್ರಿಸ್ಮಸ್ ಮರದ ಬುಡದ ಹತ್ತಿರ ನೆಲಕ್ಕೇ ಹಾಕಿದೆ, ಗೆಡ್ಡೆಯ ಕತ್ತು ಮಣ್ಣಿನ ಮಟ್ಟಕ್ಕೆ ಬರುವ ಹಾಗೆ. ಆ ನೆರಳಿನಲ್ಲಿ ಸುಗಂಧರಾಜ ಹಾಕಿ ಸೋತಿದ್ದೆ. ಅದಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕೇ ಬೇಕು, ಇಲ್ಲದಿದ್ದರೆ ಬರೀ ಗರಿ. ಆದರೆ ಮೇ ಹೂವಿಗೆ ಅರೆನೆರಳು ಇಷ್ಟ. ಅದಕ್ಕಿಂತ ದೊಡ್ಡ ಅನುಕೂಲ ನನಗೆ ಎರಡು ವರ್ಷ ಬಿಟ್ಟು ಅರ್ಥವಾಯಿತು: ಚಳಿಗಾಲದಲ್ಲಿ ಮರದ ಬೇರು ಆ ನೆಲದ ನೀರನ್ನೆಲ್ಲಾ ಹೀರಿಕೊಳ್ಳುತ್ತದೆ, ಬುಡ ಒಣಗಿಯೇ ಇರುತ್ತದೆ, ಮಲಗಿರುವ ಗೆಡ್ಡೆಗೆ ಬೇಕಾಗಿರುವುದೂ ಅದೇ. ಆಮೇಲೆ ಅಲ್ಲಿ ಒಂದು ಗೆಡ್ಡೆಯೂ ಕೊಳೆತಿಲ್ಲ. ಒಂದು ಇದ್ದದ್ದು ಈಗ ಹದಿನೇಳು ಆಗಿದೆ. ಪ್ರತಿ ವರ್ಷ ಭರಣಿ ಮಳೆ ಬಿದ್ದ ವಾರ, ಹತ್ತು ದಿನಕ್ಕೆ ಬರಿ ನೆಲದಿಂದ ದಂಟು ಎದ್ದು ಬೆಂಕಿಯ ಉಂಡೆ ಹಾಗೆ ಅರಳುತ್ತದೆ. ಇರುವುದು ಹೆಚ್ಚೆಂದರೆ ಎರಡು ವಾರ. ಆ ಎರಡು ವಾರ ನಾನು ಯಾರ ಮನೆಗೂ ಹೋಗುವುದಿಲ್ಲ.

ಹೂವು ಮುಗಿದ ಮೇಲೆ ಎಲೆ ಅಡ್ಡ ಎಂದು ಕೊಯ್ಯಬೇಡಿ. ಮುಂದಿನ ವರ್ಷದ ಹೂವಿಗೆ ಗೆಡ್ಡೆ ತುಂಬಿಸುವುದು ಆ ಎಲೆಯೇ. ತಾನಾಗಿ ಹಳದಿಯಾಗಲಿ. ಗೆಡ್ಡೆ ವಿಷ, ನೋಡಲು ಈರುಳ್ಳಿ ಥರ ಇರುತ್ತದೆ, ಮಗು, ನಾಯಿ ಇರುವ ಮನೆಯಲ್ಲಿ ಅಗೆದು ಹೊರಗೆ ಬಿಡಬೇಡಿ. ಟುಲಿಪ್ ಆಸೆಯಂತೂ ಇಲ್ಲಿ ಬೇಡವೇ ಬೇಡ. ಅದಕ್ಕೆ ಮೂರು ತಿಂಗಳಿಗೂ ಜಾಸ್ತಿ ಗಟ್ಟಿ ಚಳಿ ಬೇಕು, ಮೈಸೂರಿನ ಚಳಿ ಅದಕ್ಕೆ ಯಾವ ಲೆಕ್ಕಕ್ಕೂ ಸಾಲದು.

ಆ ಹುಡುಗಿಗೆ ಮರ ಬೇಡ ಎಂದೇ ಹೇಳಿದೆ. ಮರವನ್ನು ಒಂದು ಸಲ ನೆಟ್ಟರೆ ಮುಗಿಯಿತು, ಎತ್ತಿ ಇಡುವ ಹಾಗಿಲ್ಲ. ಗೆಡ್ಡೆಯಾದರೆ ಜಾಗ ಸರಿ ಹೋಗಲಿಲ್ಲ ಅಂದರೆ ಅಗೆದು ಇನ್ನೊಂದು ಕಡೆ ಹಾಕಬಹುದು, ಒಂದು ವರ್ಷ ಹೂವು ಬಿಡದೆ ಮುನಿಸಿಕೊಳ್ಳುತ್ತದೆ ಅಷ್ಟೇ. ಮರದ ಆಸೆ ಅಷ್ಟಿದ್ದರೆ ಊರಿನ ಜಮೀನಿನಲ್ಲಿ ನೆಡು ಎಂದೆ. ಅವಳಿಗೂ ಕೆ.ಆರ್. ಪೇಟೆ ಕಡೆ ಜಮೀನಿದೆಯಂತೆ. ಮೂರು ಗೆಡ್ಡೆ ಪೇಪರಿನಲ್ಲಿ ಸುತ್ತಿ ಕೊಟ್ಟೆ. ಮಳೆ ಬರುವ ತನಕ ನೀರು ಹಾಕಬೇಡ ಎಂದು ಗೇಟಿನ ತನಕ ಹೋಗಿ ಇನ್ನೊಂದು ಸಲ ಹೇಳಿ ಬಂದೆ.